ಕೋಟೆ ಒಡೆದ ಜಾಗದಿಂದ ಶುರುಮಾಡಿ: ಶ್ರೀರಂಗಪಟ್ಟಣದಲ್ಲಿ ಒಂದು ದಿನ

ಶ್ರೀರಂಗಪಟ್ಟಣವನ್ನು ನೋಡದವರು ನಮ್ಮಲ್ಲಿ ಕಡಿಮೆ. ಶಾಲೆಯ ಪ್ರವಾಸದಲ್ಲೋ, ಮದುವೆಯಾದ ಹೊಸತರಲ್ಲೋ, ದೂರದಿಂದ ಬಂದ ನೆಂಟರಿಗೆ ಮೈಸೂರು ತೋರಿಸುವ ನೆಪದಲ್ಲೋ ಒಮ್ಮೆಯಾದರೂ ಹೋಗಿ ಬಂದಿರುತ್ತೀರಿ. ಬಸ್ಸು ರಂಗನಾಥನ ಗುಡಿಯ ಮುಂದೆ ನಿಂತಿರುತ್ತದೆ. ದರ್ಶನ ಮುಗಿಸಿ ಓಡಿ ಬಂದು ಹತ್ತಿದರೆ ದರಿಯಾ ದೌಲತ್, ಅಲ್ಲಿಂದ ಗುಂಬಜ್, ಕೊನೆಗೆ ಸಂಗಮದಲ್ಲಿ ಕಾಲು ತೊಳೆದುಕೊಂಡು ಮತ್ತೆ ಬಸ್ಸು. ಎಲ್ಲ ಸೇರಿ ಎರಡು ಗಂಟೆ. ಮನೆಗೆ ಬಂದ ಮೇಲೆ ಮಗು, 'ಅಷ್ಟು ದೊಡ್ಡ ಕೋಟೆ, ಸುತ್ತ ನೀರು ಬೇರೆ, ಅದು ಹೇಗೆ ಸೋತಿತು?' ಎಂದು ಕೇಳಿದರೆ ನಮ್ಮ ಬಳಿ ಉತ್ತರವಿರುವುದಿಲ್ಲ. ಹೆಚ್ಚೆಂದರೆ ಮೀರ್ ಸಾದಿಕನ ಹೆಸರು ಹೇಳಿ ಸುಮ್ಮನಾಗುತ್ತೇವೆ.

ಉತ್ತರ ಆ ಊರಿನಲ್ಲೇ ಇದೆ. ಆದರೆ ಬಸ್ಸು ನಿಲ್ಲದ ಜಾಗದಲ್ಲಿ ಇದೆ. ಒಂದು ಪೂರ್ತಿ ದಿನ ಬಿಡುವು ಮಾಡಿಕೊಂಡು, ಊರು ಬಲ್ಲ ಒಬ್ಬ ಮಾರ್ಗದರ್ಶಿಯನ್ನು ಜೊತೆಗಿಟ್ಟುಕೊಂಡು, ನೋಡುವ ಕ್ರಮವನ್ನು ಸ್ವಲ್ಪ ತಿರುವುಮುರುವು ಮಾಡಿದರೆ 1799ರ ಮೇ 4ನೇ ತಾರೀಖು ಏನಾಯಿತೆಂಬುದು ನೆಲದ ಮೇಲೆಯೇ ಓದಿದಂತೆ ತಿಳಿಯುತ್ತದೆ. ಆ ಕ್ರಮ ಯಾವುದು, ಮಾರ್ಗದರ್ಶಿಯನ್ನು ಏನು ಕೇಳಬೇಕು, ಅವರು ಹೇಳುವುದರಲ್ಲಿ ಎಷ್ಟನ್ನು ನಂಬಬೇಕು ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಮೊದಲು ಪ್ರಯಾಣದ ಮಾತು. ಮೈಸೂರಿನಿಂದ ಸುಮಾರು 15 ಕಿಲೋಮೀಟರು. ಬೆಂಗಳೂರಿನಿಂದ 125ರ ಆಸುಪಾಸು. 2023ರಲ್ಲಿ ಆದ ಹೊಸ ಹೆದ್ದಾರಿ ಊರನ್ನು ಬಳಸಿಕೊಂಡು ಹೋಗುವುದರಿಂದ ಕಾರಿನವರು ಎಚ್ಚರ ತಪ್ಪಿದರೆ ಊರನ್ನು ನೋಡದೆಯೇ ಮೈಸೂರು ಸೇರಿಬಿಡುತ್ತಾರೆ. ನನ್ನನ್ನು ಕೇಳಿದರೆ ರೈಲೇ ಮೇಲು. ಎಲ್ಲ ರೈಲುಗಳೂ ಅಲ್ಲಿ ನಿಲ್ಲುವುದಿಲ್ಲ, ವಿಚಾರಿಸಿಕೊಂಡು ಹತ್ತಿ. ರೈಲು ನದಿಯನ್ನು ದಾಟಿ, ಕೋಟೆಯ ಗೋಡೆಯನ್ನು ಸೀಳಿಕೊಂಡು ಒಳಗೆ ಹೋಗಿ ನಿಲ್ಲುತ್ತದೆ. ಯಾವ ಶತ್ರುವಿಗೂ ಅಷ್ಟು ಸುಲಭವಾಗಿ ಸಿಗದ ಒಳಪ್ರವೇಶ ನಿಮಗೆ ಒಂದು ಟಿಕೆಟ್ಟಿನಲ್ಲಿ ಸಿಗುತ್ತದೆ. ಈ ರೈಲು ಹಳಿಗೆ ಸಂಬಂಧಿಸಿದ ಇನ್ನೊಂದು ಸಂಗತಿಯೂ ಉಂಟು. ಬೆಂಗಳೂರು–ಮೈಸೂರು ಜೋಡಿ ಹಳಿ ಹಾಕುವಾಗ ಟಿಪ್ಪುವಿನ ಕಾಲದ ಮದ್ದಿನ ಮನೆಯೊಂದು ಅಡ್ಡ ಬಂತು. ಅದನ್ನು ಕೆಡವದೆ, 2017ರಲ್ಲಿ ಇಡೀ ಕಟ್ಟಡವನ್ನು ಬುಡಸಹಿತ ಎತ್ತಿ, ನೂರು ಮೀಟರಿಗೂ ಹೆಚ್ಚು ದೂರ ಸರಿಸಿ ಕೂರಿಸಿದರು. ಅದು ಎಲ್ಲಿದೆ ಎಂದು ಮಾರ್ಗದರ್ಶಿಯನ್ನು ಕೇಳಿ. ಅಂಥ ಮದ್ದಿನ ಮನೆಗಳು ಊರಿನಲ್ಲಿ ಇನ್ನೂ ಕೆಲವಿವೆ. ಅರ್ಧ ನೆಲದೊಳಗೆ ಹುದುಗಿರುವ, ದಪ್ಪ ಗೋಡೆಯ, ತಂಪಾದ ಕೋಣೆಗಳು. ಮಳೆನೀರು, ಬಿಸಿಲು, ಕಿಡಿ ಮೂರೂ ಮದ್ದಿಗೆ ತಾಗಬಾರದೆಂದು ಹಾಗೆ ಕಟ್ಟಿದ್ದು.

ಇನ್ನು ಮಾರ್ಗದರ್ಶಿ. ಗುಡಿಯ ಮುಂದೆಯೂ ದರಿಯಾ ದೌಲತ್ತಿನ ಬಾಗಿಲಲ್ಲೂ ಹಲವರು ಸಿಗುತ್ತಾರೆ. ಮಾತು ಆಡುವ ಮೊದಲೇ ದರವನ್ನೂ ಹೊತ್ತನ್ನೂ ಖಚಿತ ಮಾಡಿಕೊಳ್ಳಿ. ಆಮೇಲೆ ಒಂದೇ ಒಂದು ಪ್ರಶ್ನೆ ಕೇಳಿ ನೋಡಿ: 'ಇಂಗ್ಲಿಷರು ಕೋಟೆ ಒಡೆದ ಜಾಗಕ್ಕೆ ಮೊದಲು ಕರೆದುಕೊಂಡು ಹೋಗ್ತೀರಾ?' 'ಅಲ್ಲಿ ನೋಡೋಕೆ ಏನೂ ಇಲ್ಲ' ಎಂದವರನ್ನು ಬಿಟ್ಟುಬಿಡಿ. 'ಬನ್ನಿ, ಬಿಸಿಲೇರೋ ಮುಂಚೆ ಹೋಗೋಣ' ಎಂದವರ ಜೊತೆ ಹೊರಡಿ.

ಆ ಜಾಗ ದ್ವೀಪದ ಪಶ್ಚಿಮ ತುದಿಯಲ್ಲಿ, ಕೋಟೆಯ ವಾಯವ್ಯ ಮೂಲೆಯ ಹತ್ತಿರ ಇದೆ. ನೋಡಲು ಇರುವುದು ಒಂದು ಸ್ತಂಭ, ಮುರುಕು ಗೋಡೆ, ಎದುರಿಗೆ ಕಾವೇರಿ. ಸ್ತಂಭವನ್ನು ನೆಡಿಸಿದ್ದು 1907ರಲ್ಲಿ, ಮೈಸೂರು ಸರ್ಕಾರ. ಮುತ್ತಿಗೆ ಹಾಕಿದವರ ನೆನಪಿಗೆಂದು ಮಾಡಿದ್ದು ಅದು. ಗೋಡೆಯ ಹೊರಗಿನಿಂದ ಬಂದವರಿಗೆ ಕಲ್ಲು ಇದೆ. ಗೋಡೆಯ ಮೇಲೆ ನಿಂತು ಸತ್ತ ಸಾವಿರಾರು ಜನರ ಪೈಕಿ ಹೆಚ್ಚಿನವರ ಹೆಸರು ಎಲ್ಲಿಯೂ ಇಲ್ಲ. ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ನದಿಯ ಕಡೆ ತಿರುಗಿ ನಿಲ್ಲಿ.

ಈ ಯುದ್ಧವನ್ನು ನಮ್ಮಲ್ಲಿ ಬಹಳ ಜನ ಪರದೆಯ ಮೇಲೆ ನೋಡಿದ್ದೇವೆ. 1990ರಲ್ಲಿ ದೂರದರ್ಶನದಲ್ಲಿ 'ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್' ಧಾರಾವಾಹಿ ಬಂದದ್ದು ಹಿರಿಯರಿಗೆ ನೆನಪಿರಬಹುದು. ಪರದೆಯ ಮೇಲೆ ಕತ್ತಿ ಕಾಣುತ್ತದೆ, ಕುದುರೆ ಕಾಣುತ್ತದೆ, ನದಿಯ ಅಗಲ ಮಾತ್ರ ಕಾಣುವುದಿಲ್ಲ. ಇಲ್ಲಿ ನಿಂತರೆ ಕಾಣುತ್ತದೆ: ಸುಮಾರು ಕಾಲು ಕಿಲೋಮೀಟರು ಅಗಲದ ಪಾತ್ರ, ಉದ್ದಕ್ಕೂ ಬಂಡೆ. ಮಳೆಗಾಲದಲ್ಲಿ ಈ ನೀರನ್ನು ದಾಟಿ ಬರುವುದು ಯಾವ ಸೈನ್ಯಕ್ಕೂ ಸಾಧ್ಯವಿರಲಿಲ್ಲ. ಬೇಸಿಗೆಯ ಕೊನೆಯಲ್ಲಿ ಮಾತ್ರ ನದಿ ಬತ್ತಿ ಸೊಂಟದ ಮಟ್ಟಕ್ಕೆ ಇಳಿಯುತ್ತಿತ್ತು. ಟಿಪ್ಪುವಿನ ಲೆಕ್ಕವೂ ಇಂಗ್ಲಿಷರ ಲೆಕ್ಕವೂ ಈ ನೀರಿನ ಮೇಲೆಯೇ ನಿಂತಿತ್ತು. ಕೋಟೆ ಜೂನ್‌ವರೆಗೆ ತಡೆದರೆ ಮಳೆ ಬರುತ್ತದೆ, ಹೊಳೆ ತುಂಬುತ್ತದೆ, ಹೊರಗಿರುವ ಸೈನ್ಯ ಅಕ್ಕಿ ಇಲ್ಲದೆ ಹಿಂದಿರುಗಬೇಕಾಗುತ್ತದೆ ಎಂಬುದು ಒಳಗಿನವರ ಆಸೆ. ಅಷ್ಟರೊಳಗೆ ಮುಗಿಸಬೇಕೆಂಬುದು ಹೊರಗಿನವರ ಆತುರ.

ಇಂದು ನಿಮಗೆ ಆ ನದಿ ಅದೇ ರೀತಿ ಕಾಣುವುದಿಲ್ಲ. ಮೇಲ್ಗಡೆ ಕನ್ನಂಬಾಡಿಯಲ್ಲಿ 1911ರಿಂದ 1931ರವರೆಗೆ ಕಟ್ಟಿದ ಕೃಷ್ಣರಾಜಸಾಗರ ಅಣೆಕಟ್ಟೆ ಕಾವೇರಿಯ ಏರಿಳಿತವನ್ನೇ ಬದಲಿಸಿದೆ. ಮೇ ತಿಂಗಳಲ್ಲಿ ಹೋದರೂ ಆ ದಿನದ ನೀರೇ ಇರುತ್ತದೆಂದು ಹೇಳುವಂತಿಲ್ಲ. ಆದರೆ ಬಂಡೆಗಳು ಅವೇ.

ಇಲ್ಲಿ ನೆರಳಿದ್ದಲ್ಲಿ ಸ್ವಲ್ಪ ಹೊತ್ತು ಕುಳಿತು ಹಿನ್ನೆಲೆ ಕೇಳಿಕೊಳ್ಳುವುದು ಒಳ್ಳೆಯದು. 1792ರಲ್ಲಿಯೇ ಕಾರ್ನ್‌ವಾಲೀಸನ ಸೈನ್ಯ ಈ ದ್ವೀಪಕ್ಕೆ ಬಂದಿತ್ತು. ಆಗ ಟಿಪ್ಪು ಸಂಧಿ ಮಾಡಿಕೊಂಡ. ಅರ್ಧ ರಾಜ್ಯ ಹೋಯಿತು, 3 ಕೋಟಿ 30 ಲಕ್ಷ ರೂಪಾಯಿ ದಂಡ ಬಿತ್ತು, ಹಣ ಸಲ್ಲುವವರೆಗೆ ಇಬ್ಬರು ಎಳೆಯ ಮಕ್ಕಳನ್ನು ಒತ್ತೆಯಿಟ್ಟು ಮದರಾಸಿಗೆ ಕಳಿಸಬೇಕಾಯಿತು. ಏಳು ವರ್ಷದ ಮೇಲೆ ಮತ್ತೆ ಯುದ್ಧ. ಈ ಸಲ ಜನರಲ್ ಹ್ಯಾರಿಸ್ ಪೂರ್ವದಿಂದ ಬಂದ. ಅವನ ಜೊತೆ ಹೈದರಾಬಾದಿನ ನಿಜಾಮನ ಸೈನ್ಯ. ಪಶ್ಚಿಮದಿಂದ ಮುಂಬಯಿಯ ಪಡೆ ಕೊಡಗಿನ ದಾರಿಯಲ್ಲಿ ಇಳಿಯಿತು. ಮಾರ್ಚ್ 6ರಂದು ಪಿರಿಯಾಪಟ್ಟಣದ ಕಡೆಯ ಸಿದ್ದೇಶ್ವರದಲ್ಲಿ, ಮಾರ್ಚ್ 27ರಂದು ಮಳವಳ್ಳಿಯಲ್ಲಿ ಟಿಪ್ಪು ಅವರನ್ನು ತಡೆಯಲು ನೋಡಿದ, ಆಗಲಿಲ್ಲ. ಏಪ್ರಿಲ್ ಮೊದಲ ವಾರಕ್ಕೆ ಹ್ಯಾರಿಸನ ಡೇರೆಗಳು ಕೋಟೆಗೆ ಕಾಣುವಷ್ಟು ಹತ್ತಿರ ಬಿದ್ದವು.

ಇಲ್ಲೊಂದು ಮಾತನ್ನು ಬಿಡಿಸಿ ಹೇಳಬೇಕು. 'ಇಂಗ್ಲಿಷರು ಬಂದರು' ಎಂದು ನಾವು ಅನ್ನುತ್ತೇವೆ. ಆದರೆ ಆ ಸೈನ್ಯದಲ್ಲಿ ಹೆಚ್ಚಿನವರು ತಮಿಳುನಾಡಿನ, ತೆಲುಗು ನಾಡಿನ, ಕೊಂಕಣದ, ಹೈದರಾಬಾದಿನ ಸಿಪಾಯಿಗಳು. ದಾರಿಯಲ್ಲಿ ನೆರವಾದವನು ಕೊಡಗಿನ ಅರಸ. ಗೋಡೆ ಏರಲು ನಿಯೋಜಿಸಿದ ನಾಲ್ಕು ಸಾವಿರಕ್ಕೂ ಮಿಕ್ಕ ಜನರಲ್ಲಿಯೂ ನಮ್ಮವರು ಬಹಳ ಇದ್ದರು. ಕೋಟೆಯ ಒಳಗೆ ಒಂದಿಷ್ಟು ಮಂದಿ ಫ್ರೆಂಚರು. ಹೊರಗೆ ಕಂಪನಿಯ ಸಂಬಳಕ್ಕೆ ಹೋರಾಡಿದ ಸ್ವಿಟ್ಜರ್ಲೆಂಡಿನ ದಳವೂ ಒಂದು. ಒಂದು ದೇಶ ಇನ್ನೊಂದು ದೇಶದ ಮೇಲೆ ಬಿದ್ದ ಯುದ್ಧವೆಂದು ಇದನ್ನು ಓದಿದರೆ ಅರ್ಧ ಮಾತ್ರ ತಿಳಿದಂತೆ.

ಏಪ್ರಿಲ್ ಇಡೀ ತಿಂಗಳು ಹೊರಗಿನವರು ಕಾಲುವೆಯಂತೆ ನೆಲ ಅಗೆಯುತ್ತಾ ನದಿಯ ದಂಡೆಯವರೆಗೆ ಬಂದರು. ಅಲ್ಲಿ ಫಿರಂಗಿ ಸಾಲು ಹೂಡಿ ಒಂದೇ ಜಾಗಕ್ಕೆ, ನೀವು ನಿಂತಿರುವ ಈ ಗೋಡೆಗೆ, ಗುರಿಯಿಟ್ಟರು. ಮೇ 2ರಂದು ಒಂದು ಗುಂಡು ಒಳಗಿನ ರಾಕೆಟ್ಟುಗಳ ಉಗ್ರಾಣಕ್ಕೆ ಬಿದ್ದು ಅದು ಸಿಡಿಯಿತು. ಮೇ 3ರ ಹೊತ್ತಿಗೆ ಗೋಡೆ ಹತ್ತಿಹೋಗಬಹುದಾದಷ್ಟು ಕುಸಿದಿತ್ತು. ಮರುದಿನ ಮಧ್ಯಾಹ್ನ 1 ಗಂಟೆ ದಾಟಿದ ಮೇಲೆ ನುಗ್ಗಿದರು. ಹೊತ್ತನ್ನು ಗಮನಿಸಿ: ಮೇ ತಿಂಗಳ ಮಟಮಟ ಮಧ್ಯಾಹ್ನ, ಊಟದ ವೇಳೆ. ದಾಳಿ ಸಾಮಾನ್ಯವಾಗಿ ನಸುಕಿನಲ್ಲಿ ಬರುತ್ತದೆಂದು ಕಾಯುವವರು ಆ ಹೊತ್ತಿನಲ್ಲಿ ದಣಿದಿರುತ್ತಾರೆ. ನದಿಗೆ ಇಳಿದ ಏಳೆಂಟು ನಿಮಿಷದಲ್ಲಿ ಅವರ ಬಾವುಟ ಒಡೆದ ಗೋಡೆಯ ಮೇಲಿತ್ತು. ಅಲ್ಲಿಗೆ ಮುಗಿಯಲಿಲ್ಲ. ಒಳಗೆ ಇನ್ನೊಂದು ಕಂದಕ, ಇನ್ನೊಂದು ಗೋಡೆ ಕಾಣಿಸಿ ಅವರು ತಬ್ಬಿಬ್ಬಾದರು. ಸರಿಯಾದ ದಾರಿ ಸಿಕ್ಕಿದ ಮೇಲೆ ಎರಡು ಪಾಲಾಗಿ, ಒಂದು ಪಡೆ ದಕ್ಷಿಣದ ಗೋಡೆಯ ಮೇಲೆ, ಒಂದು ಪಡೆ ಉತ್ತರದ ಗೋಡೆಯ ಮೇಲೆ ಪೂರ್ವಕ್ಕೆ ನಡೆಯಿತು. ದಕ್ಷಿಣದ ಪಡೆಗೆ ಹೆಚ್ಚು ತಡೆ ಸಿಗಲಿಲ್ಲ. ಉತ್ತರದವರಿಗೆ ಸಿಕ್ಕಿತು, ಏಕೆಂದರೆ ಅಲ್ಲಿ ಸ್ವತಃ ಟಿಪ್ಪು ಇದ್ದ. ಊಟಕ್ಕೆ ಕೂತಿದ್ದವನು ಎದ್ದು ಬಂದಿದ್ದ.

ಈಗ ನೀವೂ ಏಳಿ. ಉತ್ತರದ ಗೋಡೆಯ ಉದ್ದಕ್ಕೂ ಪೂರ್ವಕ್ಕೆ ನಡೆಯಿರಿ. ಟಿಪ್ಪು ಒಂದೊಂದೇ ಹೆಜ್ಜೆ ಹಿಂದೆ ಸರಿದ ದಾರಿ ಇದೇ. ನಡಿಗೆ ದೊಡ್ಡದೇನಲ್ಲ. ವಯಸ್ಸಾದವರಿಗೆ ಆಟೋ ಸಿಗುತ್ತದೆ. ಗೋಡೆಯ ಮೇಲೆ ಹತ್ತುವ ಹುಚ್ಚು ಮಾತ್ರ ಬೇಡ; ಕಲ್ಲು ಸಡಿಲವಾಗಿದೆ, ಪೊದೆಯಿದೆ, ಹಾವಿನ ಮಾತು ಬೇರೆ.

ದಾರಿಯಲ್ಲಿ ಸಿಗುವುದು ಕರ್ನಲ್ ಬೇಲಿಯ ಹೆಸರಿನ ನೆಲಮಾಳಿಗೆ. ಇಟ್ಟಿಗೆ, ಗಾರೆಯ ಕಮಾನು ಛಾವಣಿ; ಗೋಡೆಯಿಂದ ಚಾಚಿದ ಕಲ್ಲುಗಳು, ಅವುಗಳಲ್ಲಿ ತೂತು. ಕೈದಿಗಳನ್ನು ಆ ಕಲ್ಲುಗಳಿಗೆ ಸರಪಳಿಯಿಂದ ಬಿಗಿದು, ಕತ್ತಿನವರೆಗೆ ನೀರು ಬಿಡುತ್ತಿದ್ದರೆಂದು ಮಾರ್ಗದರ್ಶಿ ಹೇಳುತ್ತಾರೆ. ಮಕ್ಕಳು ಕಣ್ಣರಳಿಸಿ ಕೇಳುತ್ತಾರೆ. ನೆಲದಲ್ಲಿ ಬಿದ್ದಿರುವ ಫಿರಂಗಿ, ಮುತ್ತಿಗೆಯ ಕಾಲದಲ್ಲಿ ಛಾವಣಿ ಒಡೆದು ಕೆಳಗೆ ಬಿದ್ದದ್ದೆಂದೂ ಹೇಳುತ್ತಾರೆ. ಕರ್ನಲ್ ಬೇಲಿ ಎಂಬುವನು 1780ರ ಸೆಪ್ಟೆಂಬರ್ 10ರಂದು ಕಂಚಿಯ ಹತ್ತಿರದ ಪೊಳ್ಳಿಲೂರಿನಲ್ಲಿ ಹೈದರ್ ಮತ್ತು ಟಿಪ್ಪುವಿನ ಕೈಗೆ ಸಿಕ್ಕಿಬಿದ್ದದ್ದು, 1782ರಲ್ಲಿ ಇದೇ ಊರಿನಲ್ಲಿ ಸೆರೆಯಲ್ಲಿ ಸತ್ತದ್ದು ನಿಜ. ಆದರೆ ಸೆರೆಯಿಂದ ಬಿಡುಗಡೆಯಾಗಿ ಹೋದ ಅಧಿಕಾರಿಗಳು ಬರೆದಿಟ್ಟಿರುವುದು ಬೇರೆ ಬಗೆಯ ಜಾಗದ ಸಂಗತಿ: ನಡುವೆ ಅಂಗಳ, ಸುತ್ತ ಪಡಸಾಲೆ ಇರುವ ಒಂದು ಮನೆ, ಕಾಲಿಗೆ ಬೇಡಿ, ಕಾಯಿಲೆ, ಹಸಿವು. ಅದೇನೂ ಕಡಿಮೆ ಕಷ್ಟವಲ್ಲ. ನೀರಿನ ಕಥೆಯನ್ನು ಕಥೆಯಾಗಿ ಕೇಳಿಸಿಕೊಳ್ಳಿ.

ಆ ಕೈದಿಗಳಲ್ಲಿ ಒಬ್ಬ ಡೇವಿಡ್ ಬೇರ್ಡ್. ಮೂರು ವರ್ಷ ಎಂಟು ತಿಂಗಳು ಸೆರೆಯಲ್ಲಿದ್ದು 1784ರಲ್ಲಿ ಹೊರಬಂದ. ಮಗನನ್ನು ಜೋಡಿ ಬೇಡಿ ಹಾಕಿ ಇಟ್ಟಿದ್ದಾರೆಂದು ಕೇಳಿದ ಅವನ ತಾಯಿ, ತನ್ನ ಮಗನ ಜೊತೆ ಕಟ್ಟಿಹಾಕಿಸಿಕೊಂಡವನ ಪಾಡು ಏನೋ ಎಂದು ಮರುಗಿದಳಂತೆ. ಅಷ್ಟು ಮುಂಗೋಪಿ ಆಸಾಮಿ. 1799ರಲ್ಲಿ ಒಡೆದ ಗೋಡೆಯ ಮೇಲೆ ದಾಳಿಯನ್ನು ಮುನ್ನಡೆಸಲು ಮುಂದೆ ಬಂದವನು ಇವನೇ. ಊರಿನ ಒಳದಾರಿ ಅವನಿಗೆ ಗೊತ್ತಿತ್ತು ಎನ್ನುವುದಕ್ಕಿಂತ, ಊರಿನ ಜೊತೆ ಅವನಿಗೆ ಹಳೆಯ ಲೆಕ್ಕವಿತ್ತು ಎನ್ನಬೇಕು.

ಮುಂದೆ ನೀರುಬಾಗಿಲು, ಅದರ ಹತ್ತಿರ ಟಿಪ್ಪುವಿನ ದೇಹ ಸಿಕ್ಕಿದ ಜಾಗ. ಒಂದು ಸಣ್ಣ ಕಟಾಂಜನದೊಳಗೆ ಒಂದು ಕಲ್ಲು, ಅಷ್ಟೆ. ಓಡಿಬಂದವರೆಲ್ಲ ಇಕ್ಕಟ್ಟಾದ ಬಾಗಿಲಲ್ಲಿ ಸಿಕ್ಕಿಹಾಕಿಕೊಂಡು ಎರಡೂ ಕಡೆಯ ಗುಂಡಿಗೆ ಬಿದ್ದರು. ಗಾಯಗೊಂಡಿದ್ದ ಟಿಪ್ಪು ಆ ಗುಂಪಿನ ನಡುವೆ ಇದ್ದ. ಅರಮನೆಯಲ್ಲಿ ಹುಡುಕಿ ಸಿಗದೆ, ರಾತ್ರಿ ದೀವಟಿಗೆ ಹಿಡಿದು ಹೆಣಗಳ ರಾಶಿಯನ್ನು ಸರಿಸುತ್ತಾ ನೋಡಿದಾಗ ದೇಹ ಸಿಕ್ಕಿತು. ಅರಸನೊಬ್ಬ ಸಾಮಾನ್ಯ ಸಿಪಾಯಿಗಳ ನಡುವೆ ಬಿದ್ದಿದ್ದನಾದ್ದರಿಂದ ಗುರುತು ಹಿಡಿಯಲು ಬೇರೆಯವರನ್ನು ಕರೆಸಬೇಕಾಯಿತು.

ಮೀರ್ ಸಾದಿಕನ ಮಾತು ಇಲ್ಲಿ ಬಂದೇ ಬರುತ್ತದೆ. ಸಂಬಳ ಹಂಚುವ ನೆಪದಲ್ಲಿ ಅವನು ಕಾವಲಿನವರನ್ನು ಗೋಡೆಯಿಂದ ಕರೆಸಿಕೊಂಡ, ಅದರಿಂದಲೇ ಕೋಟೆ ಬಿತ್ತು ಎಂದು ಮಾರ್ಗದರ್ಶಿ ಹೇಳುತ್ತಾರೆ. ಈ ಆಪಾದನೆಗೆ ಆಧಾರವೇ ಇಲ್ಲವೆನ್ನುವಂತಿಲ್ಲ. ಟಿಪ್ಪುವಿನ ಆಸ್ಥಾನವನ್ನು ಬಲ್ಲ ಕಿರ್ಮಾನಿಯ ಪಾರಸಿ ಚರಿತ್ರೆಯಲ್ಲಿ ದ್ರೋಹದ ಮಾತು ಬರುತ್ತದೆ, ಟಿಪ್ಪುವಿನ ಕಡೆಯವರೇ ಅವನನ್ನು ಅದೇ ದಿನ ಕೊಂದರೆಂದೂ ಹೇಳುತ್ತಾರೆ. ಆದರೆ ಬೆಳಿಗ್ಗೆ ನೀವು ನಿಂತು ನೋಡಿದ ಜಾಗವನ್ನು ಜ್ಞಾಪಿಸಿಕೊಳ್ಳಿ. ಬತ್ತಿದ ಹೊಳೆ, ಒಂದೇ ಜಾಗಕ್ಕೆ ದಿನಗಟ್ಟಲೆ ಬಿದ್ದ ಫಿರಂಗಿ ಗುಂಡು, ಮೂರು ಕಡೆಯಿಂದ ಕೂಡಿದ ಸೈನ್ಯ, ಏಳು ವರ್ಷ ಹಿಂದೆಯೇ ಕಳೆದುಹೋಗಿದ್ದ ಅರ್ಧ ರಾಜ್ಯದ ಆದಾಯ. ಒಬ್ಬ ದ್ರೋಹಿಯ ಹೆಸರು ಹೇಳಿದರೆ ಕಥೆ ಬೇಗ ಮುಗಿಯುತ್ತದೆ, ಆದ್ದರಿಂದಲೇ ಅದು ಅಷ್ಟು ಚಲಾವಣೆಯಲ್ಲಿದೆ ಎಂದು ನನ್ನ ಅಭಿಪ್ರಾಯ.

ಕೆಲವು ವರ್ಷಗಳ ಹಿಂದೆ ಇದೇ ಜಾಗದಲ್ಲಿ ನಾನು ಒಂದು ಸಂಗತಿ ಕಂಡೆ. ಒಬ್ಬ ಹಿರಿಯ ಮಾರ್ಗದರ್ಶಿ ಒಂದು ಗುಂಪಿಗೆ ವಿವರಿಸುತ್ತಿದ್ದರು. ಟಿಪ್ಪು ರಂಗನಾಥನ ಗುಡಿಗೆ ಬೆಳ್ಳಿ ಪಾತ್ರೆ ಕೊಟ್ಟದ್ದು, ಮರಾಠಾ ಸವಾರರು 1791ರಲ್ಲಿ ಶೃಂಗೇರಿಯನ್ನು ಲೂಟಿ ಮಾಡಿದಾಗ ಅಲ್ಲಿನ ಸ್ವಾಮಿಗಳಿಗೆ ಪತ್ರ ಬರೆದು ನೆರವು ಕಳಿಸಿದ್ದು ಎಲ್ಲ ಹೇಳಿದರು. ಆ ಗುಂಪು ಹೋದ ಅರ್ಧ ಗಂಟೆಗೆ ಇನ್ನೊಂದು ಗುಂಪನ್ನು ಕರೆತಂದರು. ಅವರಿಗೆ ಹೇಳಿದ್ದು ಪೂರ್ತಿ ಬೇರೆ: ಕೊಡಗಿನಿಂದ ಹಿಡಿದು ತಂದವರ ವಿಷಯ, 1784ರಲ್ಲಿ ಮಂಗಳೂರು ಸೀಮೆಯ ಕ್ರೈಸ್ತರನ್ನು ಘಟ್ಟ ಹತ್ತಿಸಿ ಈ ಊರಿಗೆ ನಡೆಸಿ ತಂದದ್ದು, ದಾರಿಯಲ್ಲಿ ಸತ್ತವರು. ಎರಡೂ ಸುಳ್ಳಲ್ಲ. ಆದರೆ ಮೊದಲನೆಯವರಿಗೆ ಎರಡನೆಯದು ಕೇಳಿಸಲಿಲ್ಲ, ಎರಡನೆಯವರಿಗೆ ಮೊದಲನೆಯದು ಕೇಳಿಸಲಿಲ್ಲ. ಆಮೇಲೆ ಟೀ ಕುಡಿಯುವಾಗ ನಾನು ಕೇಳಿದೆ. ಅವರು ಬೇಸರಪಟ್ಟುಕೊಳ್ಳದೆ, 'ಸ್ವಾಮಿ, ಜನ ಬಸ್ಸಿಂದ ಇಳಿಯೋವಾಗಲೇ ಏನು ಕೇಳ್ಬೇಕು ಅಂತ ಬಂದಿದಾರೆ ಅನ್ನೋದು ಮುಖದಲ್ಲಿ ಗೊತ್ತಾಗುತ್ತೆ. ಇನ್ನೊಂದು ಹೇಳಿದ್ರೆ ಜಗಳಕ್ಕೆ ಬರ್ತಾರೆ. ನನಗೂ ಸಂಸಾರ ಇದೆ' ಎಂದರು.

ತಪ್ಪು ಅವರೊಬ್ಬರದೇ ಅಲ್ಲ. ಆದ್ದರಿಂದ ನೀವು ಹೋದಾಗ ಬೆಳಿಗ್ಗೆಯೇ ಹೇಳಿಬಿಡಿ: 'ನಮಗೆ ಎರಡೂ ಹೇಳಿ, ನಾವು ಜಗಳಕ್ಕೆ ಬರೋದಿಲ್ಲ.' ಶೃಂಗೇರಿಯ ಪತ್ರಗಳು 1916ರಲ್ಲಿ ಪ್ರಾಚ್ಯವಸ್ತು ಇಲಾಖೆಯ ಆರ್. ನರಸಿಂಹಾಚಾರ್ಯರ ಕಣ್ಣಿಗೆ ಬಿದ್ದು ಬೆಳಕಿಗೆ ಬಂದವು. ಅವು ಇವೆ. ಸೆರೆಯಾಗಿ ಬಂದವರ ವಂಶದವರು ಮಂಗಳೂರಿನಲ್ಲಿದ್ದಾರೆ, ಕೊಡಗಿನಲ್ಲಿದ್ದಾರೆ. ಅವರ ಮನೆಗಳಲ್ಲಿ ಆ ನೆನಪೂ ಇದೆ. ಮೇಲುಕೋಟೆಯ ಕಡೆಯ ಕೆಲವು ಮನೆತನಗಳವರು ಟಿಪ್ಪುವಿನ ಕಾಲದ ಒಂದು ಸಾವಿನ ನೆನಪಿಗೆ ನರಕ ಚತುರ್ದಶಿಯನ್ನು ಆಚರಿಸುವುದಿಲ್ಲ. ಅಂಥ ಮನೆಯ ಒಬ್ಬರು ನಿಮ್ಮ ಬಸ್ಸಿನಲ್ಲೇ ಪಕ್ಕದ ಸೀಟಿನಲ್ಲಿ ಕುಳಿತಿರಬಹುದು.

ಇಷ್ಟರೊಳಗೆ ಮಧ್ಯಾಹ್ನವಾಗಿರುತ್ತದೆ. ಊಟ ಮುಗಿಸಿ ಗುಡಿಯ ಸುತ್ತಮುತ್ತ ಸ್ವಲ್ಪ ಅಡ್ಡಾಡಿ. ಗುಡಿ ಮಧ್ಯಾಹ್ನ ಮುಚ್ಚುವುದರಿಂದ ದರ್ಶನ ಬೇಕೆನ್ನುವವರು ಬೆಳಿಗ್ಗೆ ಮೊದಲೇ ಮಾಡಿಕೊಂಡಿರಬೇಕು. ಗುಡಿಯಿಂದ ಕೂಗಳತೆಯಲ್ಲಿ ಟಿಪ್ಪುವಿನ ಲಾಲ್ ಮಹಲ್ ಅರಮನೆ ಇತ್ತು. ಈಗ ಉಳಿದಿರುವುದು ಅಡಿಪಾಯ. ಕೋಟೆ ಬಿದ್ದ ರಾತ್ರಿ ಊರಿನ ಲೂಟಿ ನಡೆಯಿತು. ಮರುದಿನ ಆಡಳಿತ ವಹಿಸಿಕೊಂಡ ಆರ್ಥರ್ ವೆಲ್ಲೆಸ್ಲಿ ತನ್ನ ಸಿಪಾಯಿಗಳಲ್ಲೇ ಕೆಲವರನ್ನು ನೇಣಿಗೆ ಹಾಕಿಸಿ ಅದನ್ನು ನಿಲ್ಲಿಸಬೇಕಾಯಿತು. ದಾಳಿ ನಡೆಸಿದ ಬೇರ್ಡ್‌ಗೆ ಸಿಗಬೇಕಿದ್ದ ಅಧಿಕಾರ ತನಗಿಂತ ಕಿರಿಯವನಿಗೆ ಹೋದದ್ದನ್ನು ಅವನು ಕೊನೆಯವರೆಗೂ ಮರೆಯಲಿಲ್ಲ. ಈ ವೆಲ್ಲೆಸ್ಲಿಯೇ ಮುಂದೆ 1815ರಲ್ಲಿ ವಾಟರ್‌ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನು. ಟಿಪ್ಪುವಿನ ಚಿನ್ನದ ಹೊದಿಕೆಯ ಸಿಂಹಾಸನವನ್ನು ತುಂಡು ಮಾಡಿ ಹಂಚಿಕೊಂಡರು. ಅದರ ಹುಲಿಯ ತಲೆ, ರತ್ನಖಚಿತ ಹುಮಾ ಹಕ್ಕಿ ಈಗ ಇಂಗ್ಲೆಂಡಿನ ರಾಜಮನೆತನದ ಸಂಗ್ರಹದಲ್ಲಿವೆ. ಸಿಪಾಯಿಯ ಮೇಲೆ ಎರಗಿದ ಮರದ ಹುಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ. ದ್ವೀಪದ ಪೂರ್ವದಲ್ಲಿದ್ದ ಲಾಲ್‌ಬಾಗ್ ಅರಮನೆಯ ತೊಲೆಗಳು ಊಟಿಯ ಸೇಂಟ್ ಸ್ಟೀಫನ್ಸ್ ಚರ್ಚಿಗೆ ಸಾಗಿದವು. ಊಟಿಗೆ ಹೋದವರು ತಲೆಯೆತ್ತಿ ನೋಡಿರುವುದು ಅಪರೂಪ.

ಹೀಗೆ ಖಾಲಿ ಜಾಗವನ್ನು ನೋಡಿದ ಮೇಲೆ ದರಿಯಾ ದೌಲತ್ತಿಗೆ ಹೋದರೆ ಅದರ ಬೆಲೆ ಗೊತ್ತಾಗುತ್ತದೆ. 1784ರಲ್ಲಿ ಕಟ್ಟಿದ ಈ ಮರದ ಬೇಸಿಗೆಯರಮನೆ ಉಳಿದದ್ದಕ್ಕೆ ಒಂದು ಕಾರಣ, ವೆಲ್ಲೆಸ್ಲಿ ಕೆಲಕಾಲ ಅಲ್ಲಿ ವಾಸ ಮಾಡಿದ್ದು. ಒಳಗೆ ಹೋಗುವ ಆತುರ ಬೇಡ, ಪಶ್ಚಿಮದ ಗೋಡೆಯ ಮುಂದೆ ಹತ್ತು ನಿಮಿಷ ನಿಲ್ಲಿ. ಅಲ್ಲಿ ಬರೆದಿರುವುದು ಪೊಳ್ಳಿಲೂರಿನ ಯುದ್ಧ. ಬೆಳಿಗ್ಗೆ ನೆಲಮಾಳಿಗೆಯಲ್ಲಿ ಹೆಸರು ಕೇಳಿದ ಕರ್ನಲ್ ಬೇಲಿ ಚಿತ್ರದ ನಡುವೆ ಪಲ್ಲಕ್ಕಿಯಲ್ಲಿ ಬೆರಳು ಕಚ್ಚಿಕೊಂಡು ಕುಳಿತಿದ್ದಾನೆ. ಅವನ ಸುತ್ತ ಚೌಕವಾಗಿ ನಿಂತ ಕೆಂಪಂಗಿಯವರು. ಮೇಲೆ ಮದ್ದಿನ ಗಾಡಿ ಸಿಡಿಯುತ್ತಿದೆ. ಟಿಪ್ಪು ಗೆಲುವನ್ನು ಗೋಡೆಯ ಮೇಲೆ ಬರೆಸಿದ, ಇಂಗ್ಲಿಷರು ತಮ್ಮ ಗೆಲುವನ್ನು ಕಲ್ಲಿನಲ್ಲಿ ನೆಟ್ಟರು. ಚಿತ್ರ ಹಾಳಾಗಿದ್ದಾಗ ಲಾರ್ಡ್ ಡಾಲ್‌ಹೌಸಿಯ ಅಪ್ಪಣೆಯಂತೆ ಮತ್ತೆ ಬಣ್ಣ ತುಂಬಿಸಲಾಯಿತು. ಆದ್ದರಿಂದ ನೀವು ನೋಡುವ ಗೆರೆಗಳಲ್ಲಿ ಎಷ್ಟು ಹಳೆಯವು, ಎಷ್ಟು ಆಮೇಲಿನವು ಎಂಬ ಪ್ರಶ್ನೆ ಇದ್ದೇ ಇದೆ. ಸೋತವರೇ ತಮ್ಮ ಸೋಲಿನ ಚಿತ್ರವನ್ನು ದುರಸ್ತಿ ಮಾಡಿಸಿದ್ದು ವಿಚಿತ್ರವಲ್ಲವೇ!

ಗಂಜಾಮಿನ ಆಚೆ ಗುಂಬಜ್. ಕರಿಕಲ್ಲಿನ 36 ನುಣುಪಾದ ಕಂಬಗಳ ನಡುವೆ ಹೈದರ್, ಅವನ ಹೆಂಡತಿ, ಮಗ ಟಿಪ್ಪು ಮೂವರ ಸಮಾಧಿ. ಮೇ 5ರ ಸಂಜೆ ಕಂಪನಿಯ ಸೈನ್ಯದ ಮರ್ಯಾದೆಯೊಡನೆ ದೇಹವನ್ನು ಇಲ್ಲಿಗೆ ತಂದರು. ಆ ಸಂಜೆ ಗುಡುಗು ಸಿಡಿಲಿನ ಮಳೆ ಬಂದು ಇಂಗ್ಲಿಷರ ಪಾಳೆಯದಲ್ಲಿ ಇಬ್ಬರು ಅಧಿಕಾರಿಗಳು ಸಿಡಿಲಿಗೆ ಸತ್ತರು. ಮಾರ್ಗದರ್ಶಿ ಇದನ್ನು ಹೇಳಿದರೆ ಅನುಮಾನಪಡಬೇಡಿ. ಒಂದು ದಿನ ತಡವಾಗಿ ಬಂದ ಮಳೆ ಅದು.

ಮರಳುವಾಗ ಸಮಯವಿದ್ದರೆ ನದಿಯ ದಂಡೆಯ ಗ್ಯಾರಿಸನ್ ಸ್ಮಶಾನಕ್ಕೆ ಹೋಗಿ. ಬಸ್ಸುಗಳು ಇಲ್ಲಿಯೂ ನಿಲ್ಲುವುದಿಲ್ಲ. 1799ರ ನಂತರ ಇಲ್ಲಿ ಉಳಿದ ಯೂರೋಪಿಯನ್ ಸಿಪಾಯಿಗಳು, ಅವರ ಹೆಂಡಿರು, ಮಕ್ಕಳು ಮಲಗಿದ್ದಾರೆ. ಹೇಳಿದೆನಲ್ಲ, ಆ ಸ್ವಿಸ್ ದಳದವರೂ ಇದ್ದಾರೆ. ಹೆಚ್ಚಿನವರನ್ನು ಕೊಂದದ್ದು ಗುಂಡಲ್ಲ, ಜ್ವರ. ನೀರಿನ ನಡುವಿನ ಊರು; ಸೊಳ್ಳೆಯಿಂದ ಮಲೇರಿಯಾ ಬರುತ್ತದೆಂದು ಆಗ ಯಾರಿಗೂ ತಿಳಿಯದು. ಜ್ವರಕ್ಕೆ ಬೇಸತ್ತು ದಂಡನ್ನು ಬೆಂಗಳೂರಿಗೆ ಸಾಗಿಸಿದರು. 1809ರ ಸುಮಾರಿಗೆ ಬೆಂಗಳೂರಿನ ದಂಡುಪ್ರದೇಶ ನೆಲೆನಿಂತದ್ದರ ಹಿಂದೆ ಈ ಜ್ವರವೂ ಇದೆ. ರಾಜಧಾನಿ ಅದಕ್ಕೂ ಮೊದಲೇ ಮೈಸೂರಿಗೆ ಹೋಗಿತ್ತು: 1799ರ ಜೂನ್ 30ರಂದು ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಅಲ್ಲಿ ಪಟ್ಟಾಭಿಷೇಕ. ಟಿಪ್ಪುವಿನ ಬಳಿ ಇದ್ದ ಪೂರ್ಣಯ್ಯನವರೇ ಹೊಸ ಅರಸರಿಗೂ ದಿವಾನರಾದರು. 1804ರಲ್ಲಿ ಅವರು ಕಟ್ಟಿಸಿದ ಕಲ್ಲುಕಂಬದ ಸೇತುವೆ, ವೆಲ್ಲೆಸ್ಲಿಯ ಹೆಸರಿನದು, ಇನ್ನೂ ಹೊಳೆಯಲ್ಲಿ ನಿಂತಿದೆ. ಸಂಜೆಯ ಬೆಳಕಿನಲ್ಲಿ ಅದನ್ನು ನೋಡುವುದೇ ಚೆಂದ.

ಕೊನೆಗೆ ಕೆಲವು ಸಣ್ಣ ಮಾತು. ನವೆಂಬರಿನಿಂದ ಫೆಬ್ರವರಿಯವರೆಗೆ ನಡೆದಾಡಲು ಹಿತ. ಯುದ್ಧದ ಬಿಸಿಲು ಹೇಗಿತ್ತೆಂದು ತಿಳಿಯಬೇಕೆನ್ನುವವರು ಮೇ ತಿಂಗಳಲ್ಲಿ ಟೋಪಿ, ನೀರು ಹಿಡಿದು ಹೋಗಲಿ. ಸಂಗಮದಲ್ಲಾಗಲಿ ಬಂಡೆಗಳ ನಡುವೆಯಾಗಲಿ ಮಕ್ಕಳನ್ನು ಹೊಳೆಗೆ ಇಳಿಸಬೇಡಿ, ಸುಳಿಯಿದೆ. ಮಸೀದಿಯಲ್ಲಿ, ಗುಂಬಜಿನಲ್ಲಿ, ಗುಡಿಯಲ್ಲಿ ಚಪ್ಪಲಿ ಬಿಡಬೇಕಾಗುವುದರಿಂದ ಕಟ್ಟುವ ಬೂಟು ಹಾಕಿಕೊಂಡು ಹೋದರೆ ದಿನವೆಲ್ಲ ಗಂಟು ಬಿಚ್ಚುವುದೇ ಕೆಲಸವಾಗುತ್ತದೆ. ಮಾರ್ಗದರ್ಶಿಗೂ ನಿಮ್ಮ ಜೊತೆಯಲ್ಲೇ ಊಟ ಕೊಡಿಸಿ. ಬೆಳಗಿನಿಂದ ಹೇಳದ ಒಂದೆರಡು ಸಂಗತಿಗಳು ಊಟದ ಎಲೆಯ ಮುಂದೆ ಹೊರಬರುತ್ತವೆ.